ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಎಂಬ ಸಲಹೆ ತಪ್ಪು

ಸಂಪಾದಕರೇ, ನಮಸ್ಕಾರ.

ನಿಮ್ಮ ವಾಹನ ಪುಟದಲ್ಲಿ ಘಾಟಿ ಪ್ರಯಾಣದ ಬಗ್ಗೆ ಬಂದ ಸಲಹೆಗಳಲ್ಲಿ ಒಂದಕ್ಕೆ ನನ್ನ ತಕರಾರಿದೆ. ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ ಕೊಡುವ ಸೌಲಭ್ಯ) ಇರುವ ಪಿಕಪ್‌ ಆದರೆ ಘಾಟಿ ಶುರುವಾಗುತ್ತಿದ್ದಂತೆ ಅದನ್ನು ಹಾಕಿಕೊಳ್ಳಿ, ಹಿಡಿತ ಜಾಸ್ತಿ ಸಿಗುತ್ತದೆ ಎಂಬ ಅರ್ಥದಲ್ಲಿ ಬರೆದಿದ್ದೀರಿ. ರಸ್ತೆ ಒಣಗಿದೆಯೋ ಒದ್ದೆಯೋ, ಟಾರೋ ಮಣ್ಣೋ ಎಂಬ ಮಾತೇ ಅಲ್ಲಿಲ್ಲ. ನಮ್ಮ ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ ಅಂತ ಇಂಥ ಗಾಡಿ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಪೇಪರಿನಲ್ಲಿ ಬಂದಿದೆ ಅಂದಮೇಲೆ ನಾಳೆ ಬೆಳಿಗ್ಗೆ ಹಾಗೇ ಮಾಡುವವರೂ ಇದ್ದಾರೆ. ಸಲಹೆ ತಪ್ಪು, ಅದನ್ನು ನಂಬಿದವರ ಜೇಬಿಗೂ ಭಾರ.

ಯಾವ ಗಾಡಿಗಳ ಮಾತು ಅಂತ ಮೊದಲು ಹೇಳಿಬಿಡುತ್ತೇನೆ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್, ಬೊಲೆರೊ ಕ್ಯಾಂಪರ್‌ನ ಫೋರ್ ವೀಲ್ ಮಾದರಿ, ಪಿಕಪ್ ಅಲ್ಲದಿದ್ದರೂ ಥಾರ್, ಜಿಮ್ನಿ, ಹಳೆಯ ಜಿಪ್ಸಿ, ಅದಕ್ಕೂ ಹಳೆಯ ಜೀಪು. ಇವೆಲ್ಲ ಪಾರ್ಟ್ ಟೈಮ್ ಫೋರ್ ವೀಲ್. ಮಾಮೂಲಿಯಾಗಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಇಂಜಿನ್ನಿನ ಶಕ್ತಿ ಹೋಗುತ್ತದೆ. ಲಿವರ್ ಎಳೆದೋ ನಾಬ್ ತಿರುಗಿಸಿಯೋ ಫೋರ್ ಹೈ, ಅಂದರೆ ಮಾಮೂಲಿ ವೇಗದ ಫೋರ್ ವೀಲ್, ಹಾಕಿದರೆ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರು ಪೆಟ್ಟಿಗೆ) ಒಳಗೆ ಚಕ್ರದ ಕಡೆ ಶಕ್ತಿ ಒಯ್ಯುವ ಮುಂದಿನ ಪ್ರೊಪೆಲ್ಲರ್ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಿಂದಿನದು ಹತ್ತು ಸುತ್ತು ತಿರುಗಿದರೆ ಮುಂದಿನದೂ ಹತ್ತೇ ಸುತ್ತು, ಒಂದಿಂಚೂ ಆಚೀಚೆ ಇಲ್ಲ. ಎಡ ಚಕ್ರ ಬಲ ಚಕ್ರದ ನಡುವೆ ಹೊಂದಿಕೊಳ್ಳಲು ಆಕ್ಸಲ್ ನಡುವಿನ ಹೌಸಿಂಗ್ ಒಳಗೆ ಡಿಫರೆನ್ಷಿಯಲ್ ಇದೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ ಅದು. ಮುಂದಿನ ಜೋಡಿ, ಹಿಂದಿನ ಜೋಡಿಯ ನಡುವೆ ಅಂಥದ್ದು ಇಲ್ಲ. ರಗಳೆಯ ಮೂಲ ಇಷ್ಟೇ.

ನೇರ ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ತಿರುವಿನಲ್ಲಿ ಗೊತ್ತಾಗುತ್ತದೆ, ಯಾಕೆಂದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಯಾವಾಗಲೂ ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಎಷ್ಟು ದೊಡ್ಡದು? ವಿ-ಕ್ರಾಸ್‌ನಲ್ಲಾಗಲಿ ಹೈಲಕ್ಸ್‌ನಲ್ಲಾಗಲಿ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 3 ಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ. ಇಕ್ಕಟ್ಟಿನ ಹೇರ್‌ಪಿನ್ ತಿರುವಿನಲ್ಲಿ ಹಿಂದಿನ ಆಕ್ಸಲ್‌ನ ನಡುಭಾಗ 6 ಮೀಟರ್ ತ್ರಿಜ್ಯದಲ್ಲಿ ತಿರುಗಿತು ಅಂದುಕೊಳ್ಳಿ. ಮುಂದಿನದು ತಿರುಗುವುದು ಸುಮಾರು 6.75 ಮೀಟರ್ ತ್ರಿಜ್ಯದಲ್ಲಿ. ಅರ್ಧ ವೃತ್ತ ಮುಗಿಯುವಷ್ಟರಲ್ಲಿ ಹಿಂದಿನ ಚಕ್ರ 19 ಮೀಟರಿನ ಹತ್ತಿರ ಹೋಗಿರುತ್ತದೆ, ಮುಂದಿನದು 21 ಮೀಟರ್ ದಾಟಿರುತ್ತದೆ. ವ್ಯತ್ಯಾಸ ಎರಡೂ ಕಾಲು ಮೀಟರಿಗಿಂತ ಜಾಸ್ತಿ. ಈ ಗಾಡಿಗಳ ಟೈರಿನ ಸುತ್ತಳತೆ ಸುಮಾರು 2.4 ಮೀಟರ್. ಅಂದರೆ ಒಂದು ಹೇರ್‌ಪಿನ್ ಮುಗಿಯುವಷ್ಟರಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ಜಾಸ್ತಿ ತಿರುಗಬೇಕು! ಶಾಫ್ಟುಗಳು ಕಚ್ಚಿಕೊಂಡಿರುವಾಗ ಅದು ಹೇಗೆ ತಿರುಗುತ್ತದೆ?

ಎಡಕ್ಕೆ ತಿರುಗಿದ್ದು ಬಲಕ್ಕೆ ತಿರುಗಿದಾಗ ಸರಿಹೋಗುತ್ತದಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ. ಯಾವ ಕಡೆ ತಿರುಗಿದರೂ ಜಾಸ್ತಿ ಓಡುವುದು ಮುಂದಿನ ಚಕ್ರವೇ, ಹಾಗಾಗಿ ಲೆಕ್ಕ ಕೂಡುತ್ತಾ ಹೋಗುತ್ತದೆಯೇ ಹೊರತು ಕಳೆಯುವುದಿಲ್ಲ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ಇವೆ. ಎಲ್ಲವೂ ಪೂರ್ತಿ ಅರ್ಧ ವೃತ್ತ ಅಲ್ಲ, ಒಪ್ಪಿದೆ. ಆದರೂ ಘಾಟಿಯ ಬುಡದ ಸೋಮೇಶ್ವರದಿಂದ ಮೇಲೆ ಬರುವಷ್ಟರಲ್ಲಿ ಎಷ್ಟಾಯಿತು ನೀವೇ ನೋಡಿ.

ಕೆಸರು, ಜಲ್ಲಿ, ಮರಳು ಇದ್ದಾಗ ಈ ವ್ಯತ್ಯಾಸ ಯಾರಿಗೂ ತೊಂದರೆ ಕೊಡುವುದಿಲ್ಲ. ಟೈರು ಅಲ್ಲೇ ಸ್ವಲ್ಪ ಜಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಒಣಗಿದ ಟಾರು ಅಥವಾ ಕಾಂಕ್ರೀಟಿನಲ್ಲಿ ಟೈರು ಸುಲಭಕ್ಕೆ ಜಾರುವುದಿಲ್ಲ. ಆಗ ಆ ಒತ್ತಡವೆಲ್ಲ ಶಾಫ್ಟು, ಅದರ ಕೀಲಾದ ಕ್ರಾಸು, ಟ್ರಾನ್ಸ್‌ಫರ್ ಕೇಸಿನ ಚೈನು, ಹೌಸಿಂಗಿನ ಕ್ರೌನ್ ಪಿನಿಯನ್ ಗೇರುಗಳ ಮೇಲೆ ಬೀಳುತ್ತದೆ. ಒದ್ದೆ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುವ ಹಾಗೆ. ಸ್ಟೀರಿಂಗ್ ಬಿಗಿಯಾಗುತ್ತದೆ. ಯಾರೋ ಬ್ರೇಕ್ ಒತ್ತಿ ಹಿಡಿದ ಹಾಗೆ ಗಾಡಿ ತಡೆಯುತ್ತದೆ, ಟೈರು ಕಿರುಗುಡುತ್ತದೆ, ಒಮ್ಮೊಮ್ಮೆ ಕೆಳಗಿನಿಂದ ಟಕ್ ಅಂತ ಒಂದು ಹೊಡೆತ ಬರುತ್ತದೆ. ಆಮೇಲೆ ಟೂ ವೀಲ್‌ಗೆ ಹಾಕೋಣ ಅಂದರೆ ಲಿವರ್ ಬರುವುದಿಲ್ಲ. ನಾಬ್ ಇರುವ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ದೀಪ ಮಿಣುಕುತ್ತಲೇ ಇರುತ್ತದೆ. ಗಾಬರಿಯಾಗಿ ಲಿವರ್ ಜಗ್ಗಬೇಡಿ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಬಂದ ದಾರಿಯಲ್ಲೇ ನಾಲ್ಕೈದು ಮೀಟರ್ ರಿವರ್ಸ್ ಹೋಗಿ, ಇಲ್ಲದಿದ್ದರೆ ರಸ್ತೆ ಪಕ್ಕದ ಮಣ್ಣಿಗೆ ಚಕ್ರ ಇಳಿಸಿ. ಬಿಗಿ ಸಡಿಲವಾದರೆ ಲಿವರ್ ತಾನಾಗಿ ಬರುತ್ತದೆ.

ಫೋರ್ ವೀಲ್ ಹಾಕಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎಂಬ ನಂಬಿಕೆ ಇನ್ನೊಂದು. ಬ್ರೇಕ್ ಯಾವ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇರುವುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಳಿಜಾರಿನಲ್ಲಿ ಇಂಜಿನ್ ತಡೆಯುವುದು ನಾಲ್ಕೂ ಚಕ್ರಕ್ಕೆ ಹಂಚಿಹೋಗುತ್ತದೆ, ಅದೊಂದು ನಿಜ. ತೋಟದ ಜಾರುವ ಮಣ್ಣಿನ ಇಳಿಜಾರಿನಲ್ಲಿ ಅದರಿಂದ ಲಾಭವೂ ಇದೆ. ಒಣ ಟಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿದರೆ ಆ ಕೆಲಸ ಆಗುತ್ತದೆ. ಉಲ್ಟಾ, ಕಚ್ಚಿಕೊಂಡ ಶಾಫ್ಟಿನಿಂದ ಇಕ್ಕಟ್ಟಿನ ತಿರುವಿನಲ್ಲಿ ಗಾಡಿಯ ಮೂತಿ ಹೊರಕ್ಕೆ ಎಳೆಯುತ್ತದೆ. ನೀವು ತಿರುಗಿಸಿದಷ್ಟು ಅದು ತಿರುಗುವುದಿಲ್ಲ. ಎದುರಿಗೆ ಬಸ್ಸು ಬರುತ್ತಿರುವಾಗ ಇದು ಸಣ್ಣ ವಿಷಯವಾ?

ಪಿಕಪ್‌ನವರು ಇದನ್ನು ಹಾಕಲು ಒಂದು ನ್ಯಾಯವಾದ ಕಾರಣ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಲೋಡ್ ಇಲ್ಲದಾಗ ಹಿಂಭಾಗ ಹಗುರ. ಲೀಫ್ ಸ್ಪ್ರಿಂಗ್ ಗಟ್ಟಿ, ಹೊಂಡ ಸಿಕ್ಕರೆ ಹಿಂಭಾಗ ಕುಣಿಯುತ್ತದೆ. ಮಳೆಯಲ್ಲಿ ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಬಾಲ ಪಕ್ಕಕ್ಕೆ ಹೋಗುತ್ತದೆ. ಹೆದರಿಕೆ ಆಗುವುದು ಸಹಜ. ಅದಕ್ಕೆ ಮದ್ದು ಹಿಂದಿನ ಆಕ್ಸಲ್ ಮೇಲೆ ಬರುವ ಹಾಗೆ ಒಂದೆರಡು ಮರಳು ಚೀಲ ಇಟ್ಟು ಜಾರದಂತೆ ಕಟ್ಟುವುದು, ಟೈರಿನ ಗಾಳಿ ಸರಿ ಇಡುವುದು, ಮೆಲ್ಲಗೆ ಹೋಗುವುದು.

ಹಾಗಾದರೆ ಮಳೆಗಾಲದಲ್ಲೂ ಹಾಕಬಾರದಾ? ಬರೀ ಒದ್ದೆಯಾದ ಟಾರಿನಲ್ಲೂ ಟೈರಿಗೆ ಸಾಕಷ್ಟು ಹಿಡಿತ ಇರುತ್ತದೆ. ಹಾಗಾಗಿ ಮಳೆ ಬಂತು ಅಂದ ಮಾತ್ರಕ್ಕೆ ಬೇಡ ಅನ್ನುತ್ತೇನೆ, ಅದರಲ್ಲೂ ತಿರುವು ಜಾಸ್ತಿ ಇರುವ ಕಡೆ. ಗುಡ್ಡದ ಮಣ್ಣು ರಸ್ತೆಗೆ ಹರಡಿ ಕೆಸರಾಗಿದ್ದರೆ ಧಾರಾಳವಾಗಿ ಹಾಕಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದದ್ದು ನೆನಪಿರಬಹುದು. ಅಷ್ಟು ದೊಡ್ಡದಲ್ಲದ ಸಣ್ಣಪುಟ್ಟ ಕುಸಿತ ಪ್ರತಿ ಮಳೆಗಾಲ ಎಲ್ಲೋ ಒಂದು ಕಡೆ ಆಗುತ್ತಲೇ ಇರುತ್ತದೆ. ಅಂಥ ಜಾಗ ದಾಟಲಿಕ್ಕೇ ಇದನ್ನು ಕೊಟ್ಟಿರುವುದು. ದಾಟಿದ ಮೇಲೆ ತೆಗೆಯಿರಿ, ಅಷ್ಟೇ.

ಹಾಕಿ ಮರೆಯುವುದೇ ಈಗಿನ ಗಾಡಿಗಳ ದೊಡ್ಡ ಕಷ್ಟ. ಜಿಪ್ಸಿಯಲ್ಲಿ, ಎಷ್ಟೋ ಹಳೆಯ ಜೀಪುಗಳಲ್ಲಿ, ಕೆಸರಿಗೆ ಇಳಿದು ಮುಂದಿನ ಎರಡೂ ಚಕ್ರದ ಹಬ್ ಲಾಕ್ (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ ಬೀಗ) ಕೈಯಲ್ಲೇ ತಿರುಗಿಸಬೇಕಿತ್ತು. ಆಮೇಲೆ ಒಳಗೆ ಬಂದು ಲಿವರ್ ಎಳೆಯಬೇಕು. ಅಷ್ಟು ಕಷ್ಟ ಪಡುವವನು ನಿಜವಾಗಿ ಬೇಕಾ ಅಂತ ಯೋಚನೆ ಮಾಡಿಯೇ ಮಾಡುತ್ತಿದ್ದ. ಈಗ ಓಡುತ್ತಿರುವಾಗಲೇ ಎರಡು ಬೆರಳಲ್ಲಿ ನಾಬ್ ತಿರುಗಿಸಿದರೆ ಸಾಕು. ಹಾಡು ಬದಲಾಯಿಸುವಷ್ಟೇ ಸಲೀಸು. ಹೊಸ ಗಾಡಿ ಕೊಡುವಾಗ ಶೋರೂಮಿನವರು ಹಾರ ಹಾಕುತ್ತಾರೆ, ಕೇಕ್ ಕತ್ತರಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಮೊಬೈಲ್ ಬ್ಲೂಟೂತಿಗೆ ಹೇಗೆ ಜೋಡಿಸಬೇಕು ಅಂತ ಹತ್ತು ನಿಮಿಷ ಹೇಳಿಕೊಡುತ್ತಾರೆ. ಈ ನಾಬ್ ಬಗ್ಗೆ ಹೇಳುವವರು ಕಡಿಮೆ. ಎಚ್ಚರಿಕೆ ಮ್ಯಾನ್ಯುಯಲ್‌ನಲ್ಲಿ ಇದ್ದೇ ಇದೆ, ಇಂಗ್ಲಿಷಿನಲ್ಲಿ, ಗ್ಲೋವ್ ಬಾಕ್ಸಿನ ತಳದಲ್ಲಿ. ತೋಟದ ಗಾಡಿ ಓಡಿಸುವ ಡ್ರೈವರ್ ಅದನ್ನು ಯಾವಾಗ ಓದಬೇಕು?

ಎಲ್ಲ ಗಾಡಿಯೂ ಹೀಗಲ್ಲ ಎಂಬುದನ್ನೂ ನಿಮ್ಮ ಲೇಖಕರು ಹೇಳಬೇಕಿತ್ತು. 2009ರಲ್ಲಿ ಬಂದ ಮೊದಲ ಫಾರ್ಚೂನರ್ ಫೋರ್ ವೀಲ್ ಮಾದರಿಯಲ್ಲಿ ಮುಂದೆ ಹಿಂದೆ ನಡುವೆಯೂ ಡಿಫರೆನ್ಷಿಯಲ್ ಇತ್ತು, ಟಾರಿನಲ್ಲಿ ಓಡಿಸಲು ಯೋಚನೆಯೇ ಇರಲಿಲ್ಲ. ಈಗಿನ ಕೆಲವು ಕಾರುಗಳಲ್ಲಿ ಆ ಜಾಗದಲ್ಲಿ ಜಾರಿ ಹೊಂದಿಕೊಳ್ಳುವ ಕ್ಲಚ್ ಇರುತ್ತದೆ. ಅಂಥ ಗಾಡಿ ಓಡಿಸಿದವರು ತಮ್ಮ ಅನುಭವ ಹೇಳಿದ್ದನ್ನು ಪಿಕಪ್‌ಗೂ ಅಂಟಿಸಿದರೆ ಎಡವಟ್ಟಾಗುತ್ತದೆ. ನಿಮ್ಮ ಪುಟದಲ್ಲಿ ಆದದ್ದೂ ಅದೇ ಇರಬೇಕು ಅಂತ ನನ್ನ ಊಹೆ.

ಟೈರಿನ ಮಾತು ಒಂದು ಉಳಿದಿದೆ. ಹಿಂದಿನ ಎರಡು ಸವೆದವು ಅಂತ ಎರಡನ್ನೇ ಹೊಸದು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಟೂ ವೀಲ್‌ನಲ್ಲಿ ಓಡಿಸುವವರೆಗೆ ತೊಂದರೆ ಇಲ್ಲ. ಫೋರ್ ಹೈ ಹಾಕಿದರೆ ಸವೆದ ಟೈರು ಚಿಕ್ಕದು, ಹೊಸದು ದೊಡ್ಡದು, ಕಿಲೋಮೀಟರಿಗೆ ಹಲವು ಮೀಟರಿನ ವ್ಯತ್ಯಾಸ ಬಂದು ನೇರ ರಸ್ತೆಯಲ್ಲೂ ಇದೇ ಬಿಗಿತ ಶುರುವಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಒಂದು ತಿದ್ದುಪಡಿ ಹಾಕಿ, ಮೂಲೆಯಲ್ಲಿ ಸಣ್ಣದಾಗಿ ಬೇಡ. ಸಾಧ್ಯವಾದರೆ ಕೃಷಿ ಪುಟದಲ್ಲೂ ಹಾಕಿ, ಯಾಕೆಂದರೆ ಫೋರ್ ವೀಲ್ ಟ್ರ್ಯಾಕ್ಟರಿನವರಿಗೂ ಇದು ಬೇಕು. ಅದರಲ್ಲಿ ಮುಂದಿನ ಚಿಕ್ಕ ಚಕ್ರಗಳು ಹಿಂದಿನವಕ್ಕಿಂತ ಸ್ವಲ್ಪ ಮುಂದೆಯೇ ಓಡುವ ಹಾಗೆ ಗೇರು ಕೂರಿಸಿರುತ್ತಾರೆ, ಗದ್ದೆಯಲ್ಲಿ ಎಳೆಯಲಿ ಅಂತ. ಆ ಲಿವರ್ ತೆಗೆಯದೆ ಟ್ರೇಲರ್ ಕಟ್ಟಿಕೊಂಡು ಟಾರು ರಸ್ತೆಯಲ್ಲಿ ಪೇಟೆಗೆ ಹೋಗಿ ಬರುವವರ ಮುಂದಿನ ಟೈರು ಹಿಂದಿನದಕ್ಕಿಂತ ಎಷ್ಟೋ ಬೇಗ ಬೋಳಾಗುತ್ತದೆ, ಅವರು ಟೈರು ಕಂಪನಿಯನ್ನು ಬೈಯುತ್ತಾರೆ.

ಇಂತಿ,
ನಿಮ್ಮ ಓದುಗ
ಸಕಲೇಶಪುರ ತಾಲ್ಲೂಕು