ಅಂಬಾಸಿಡರ್ ಗುಜರಿಗೆ ಕೊಡಬೇಡಿ ಅಪ್ಪಯ್ಯ

ಆಬಿಂಗ್ಡನ್, ಇಂಗ್ಲೆಂಡ್

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ತೀರ್ಥಹಳ್ಳಿ ಕಡೆ ಮಳೆ ಹಿಡಿದು ಕೂತಿದೆಯಂತೆ. ಅಡಿಕೆಗೆ ಔಷಧಿ ಹೊಡೆದು ಆಯ್ತಾ? ಅಂಬಾಸಿಡರನ್ನು ಗುಜರಿಯವನಿಗೆ ಕೊಡುವ ಮಾತು ನಡೀತಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಅದಕ್ಕೇ ಈ ಪತ್ರ.

ಪಕ್ಕದ ಮನೆ ಅಜ್ಜನ ಹತ್ತಿರ ಒಂದು ಎಂಜಿಬಿ ಇದೆ. ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಟಾಪ್ ಬಿಚ್ಚಿ ಓಡಿಸಬಹುದು. 1962ರಿಂದ 1980ರವರೆಗೆ ಇದೇ ಊರಿನ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿತ್ತು. ಜಿಟಿ ಅನ್ನೋ ಮುಚ್ಚಿದ ಮಾಡೆಲ್ಲೂ ಸೇರಿ ಐದು ಲಕ್ಷಕ್ಕಿಂತ ಜಾಸ್ತಿ ಕಾರು ಮಾಡಿದರು. ಈಗ ಶಿವಮೊಗ್ಗದಲ್ಲಿ ಓಡಾಡುವ ಎಂಜಿ ಕಾರುಗಳಿಗೂ ಇದಕ್ಕೂ ಹೆಸರೊಂದೇ ಸಂಬಂಧ. ಎಂಜಿ ಅನ್ನೋ ಬ್ರಾಂಡ್ ಈಗ ಚೀನಾದವರದ್ದು.

ಅಜ್ಜ ಬಾನೆಟ್ ಎತ್ತಿದಾಗ ನನಗೆ ನಗು ತಡೆಯಲಿಲ್ಲ. ನಮ್ಮದೇ ಎಂಜಿನ್! ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರಿನದ್ದೂ ಇದೇ ಬಿ-ಸೀರೀಸ್ ಅನ್ನೋ ಬ್ರಿಟಿಷ್ ಎಂಜಿನ್ ಅಲ್ವಾ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಎರಡಕ್ಕೂ 88.9 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಅಗಲ ಮಾತ್ರ ಇದರದ್ದು ದೊಡ್ಡದು. ಹಾಗಾಗಿ ನಮ್ಮದು 1489 ಸಿಸಿ, ಇದು 1798. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಎರಡು. ಒಂದೊಂದರ ತಲೆ ಮೇಲೂ ಪುಟ್ಟ ಮುಚ್ಚಳ. ಅಜ್ಜ ಅದನ್ನು ಕೈಯಲ್ಲೇ ತಿರುಗಿಸಿ ತೆಗೆದು, ಒಳಗೆ ಒಂಚೂರು ಆಯಿಲ್ ಬಿಟ್ಟು, ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದರು. ಸರ್ವಿಸ್ ಮುಗೀತು. ಕಂಪ್ಯೂಟರ್ ಬೇಡ, ಶೋರೂಮ್ ಬೇಡ. ಆಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರು. ಸದ್ದು ಮಾತ್ರ ನಮ್ಮದಕ್ಕಿಂತ ಜೋರು, ಆಗುಂಬೆ ಘಾಟಿ ಹತ್ತಿಸಬೇಕು ಅನ್ನಿಸುವ ಸದ್ದು.

ಎಂಜಿಬಿ ಇವತ್ತಿಗೂ ಬದುಕಿರುವುದು ಬರೀ ಚೆಂದಕ್ಕಲ್ಲ. ಮನೆಮಂದಿ ಓಡಾಡುವ ಸಾಧಾರಣ ಕಾರಿನ ಎಂಜಿನ್ನನ್ನೇ ಹಾಕಿದ್ದರಿಂದ ರಿಪೇರಿ ಸಲೀಸು. 1988ರಲ್ಲಿ ಹಳೇ ಕಾರುಗಳ ಬಿಡಿಭಾಗ ಮಾಡುವ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಹಳೇ ಅಚ್ಚುಗಳನ್ನು ಹುಡುಕಿ ತಂದು ಇಡೀ ಬಾಡಿಯನ್ನೇ ಹೊಸದಾಗಿ ಮಾಡಲು ಶುರು ಮಾಡಿದರು. ಅಂದರೆ ತುಕ್ಕು ಹಿಡಿದರೂ ಕಾರು ಸಾಯುವುದಿಲ್ಲ. ನಮ್ಮ ಅಂಬಾಸಿಡರ್ 2014ರಲ್ಲಿ ನಿಂತೇ ಹೋಯ್ತು. ಅದಕ್ಕೆ ಯಾರಾದರೂ ಹೀಗೆ ಮಾಡಬಾರದಿತ್ತಾ ಅಂತ ಸಿಟ್ಟು ಬರುತ್ತೆ.

ಎಂಜಿಬಿಯನ್ನೂ ಕೆಡಿಸಿದ್ದರು ಬಿಡಿ. 1974ರಲ್ಲಿ ಅಮೆರಿಕದ ಸುರಕ್ಷತಾ ಕಾನೂನಿಗೆ ಹೆದರಿ ಕಪ್ಪು ರಬ್ಬರ್ ಬಂಪರ್ ಹಾಕಿದರು, ಕಾರನ್ನೂ ಎತ್ತರ ಮಾಡಿದರು. ತಿರುವಿನಲ್ಲಿ ಮೊದಲಿನ ಹಿಡಿತ ಹೋಯ್ತು. ಅಜ್ಜನದ್ದು ಅದಕ್ಕೂ ಹಿಂದಿನ ಕ್ರೋಮ್ ಬಂಪರಿನದ್ದು. ರಬ್ಬರ್ ಬಂಪರ್ ಕಂಡರೆ ಅವರು ಮುಖ ತಿರುಗಿಸುತ್ತಾರೆ!

ಗುಜರಿಯವನಿಗೆ ಸದ್ಯಕ್ಕೆ ಬೇಡ ಅನ್ನಿ. ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿಗೆ ಒಮ್ಮೆ ತೋರಿಸಿ, ಏನೇನು ಹೋಗಿದೆ ಕೇಳಿ. ಬಿ-ಸೀರೀಸ್ ಸಾಮಾನು ಇಲ್ಲಿ ಸಿಗುತ್ತದೆ, ದೀಪಾವಳಿಗೆ ಬರುವಾಗ ತರುತ್ತೇನೆ. ಆದರೆ ಎಂಜಿಬಿಯ ಹೆಡ್ ಗ್ಯಾಸ್ಕೆಟ್ ನಮ್ಮದಕ್ಕೆ ಕೂರುವುದಿಲ್ಲ, ಬೋರ್ ಬೇರೆ. ಎಂಜಿನ್ ನಂಬರಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕಲು ತಮ್ಮನಿಗೆ ಹೇಳಿ.

ಇತಿ ನಿಮ್ಮ ಮಗಳು