ನೀರು ಬಾರದ ಬೋರಿಗೆ ಮುಚ್ಚಳ ಯಾರು ಹಾಕುತ್ತಾರೆ?

ಮಾನ್ಯ ಸಂಪಾದಕರೇ,

ಭೂಮಿಯ ಒಳಗೇನಿದೆ ಎಂದು ನೋಡಲು ವಿಜ್ಞಾನಿಗಳು ರಷ್ಯಾದ ಕೋಲಾದಲ್ಲಿ ಕೊರೆದ ಆಳದ ತೂತಿನ ಬಗ್ಗೆ ಮಗಳು ಶಾಲೆಗೆ ಪ್ರಾಜೆಕ್ಟ್ ಮಾಡುತ್ತಿದ್ದಳು. ಫೋಟೋ ನೋಡಿದಾಗ ನನ್ನ ಕಣ್ಣು ಹೋದದ್ದು ಮುಚ್ಚಳದ ಮೇಲೆ. ಆಳ 12,262 ಮೀಟರ್, ನಮ್ಮ ಲೆಕ್ಕದಲ್ಲಿ 40 ಸಾವಿರ ಅಡಿ ದಾಟುತ್ತದೆ. ಬಾಯಿ ಮಾತ್ರ 9 ಇಂಚು! ಅದಕ್ಕೊಂದು ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ, ಸುತ್ತ ದಪ್ಪ ದಪ್ಪ ಬೋಲ್ಟು. 1970ರಲ್ಲಿ ಶುರುವಾದ ಕೆಲಸ 1992ರಲ್ಲಿ ನಿಂತಿತು, ಕಟ್ಟಡ ಪಾಳು ಬಿತ್ತು, ಸೋವಿಯತ್ ದೇಶವೇ ಹೋಯಿತು, ಆದರೂ ತೂತಿಗೆ ಮುಚ್ಚಳ ಹಾಕುವುದನ್ನು ಅವರು ಮರೆಯಲಿಲ್ಲ.

ನಮ್ಮ ಪೆರ್ಲ, ಬದಿಯಡ್ಕ ಕಡೆಯ ತೋಟಗಳಲ್ಲಿ ಒಮ್ಮೆ ಸುತ್ತಾಡಿ ನೋಡಿ. ನೀರು ಬಾರದ ಬೋರಿನ ಬಾಯಿಗೆ ಗೋಣಿಚೀಲ, ಅಡಿಕೆ ಹಾಳೆ, ಹೆಚ್ಚೆಂದರೆ ಒಂದು ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು).

ನಾನೇನೂ ಸಾಚಾ ಅಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಕೊರೆಸಿದೆ. ನೀರು ನೋಡುವವರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನಡೆದು, 250 ಅಡಿಗೆ ಖಂಡಿತ ಅಂದಿದ್ದರು. ಮುರಕಲ್ಲು, ಜೇಡಿಮಣ್ಣು ದಾಟಿ ಬಂಡೆ ಸಿಕ್ಕಿದ ಮೇಲೆ ಬಂದದ್ದೆಲ್ಲ ಬರೀ ಧೂಳು. “ಇನ್ನೊಂದು ನೂರು ಹೋಗೋಣ ಸಾರ್, ಕೆಳಗೆ ನೀರು ಇದ್ದೇ ಉಂಟು” ಅಂದರು ಬೋರಿನ ಲಾರಿಯವರು. ಅಡಿ ಲೆಕ್ಕದಲ್ಲಿ ದುಡ್ಡು ಅಲ್ವಾ, ಅವರಿಗೆ ಧೂಳಾದರೂ ಒಂದೇ ನೀರಾದರೂ ಒಂದೇ. 620 ಅಡಿಗೆ ನಾನು ಕೈಮುಗಿದೆ. ಮಣ್ಣು ಕುಸಿಯದಂತೆ ಬೋರಿಗೆ ಇಳಿಸಿದ್ದ ಕೇಸಿಂಗ್ ಪೈಪನ್ನೂ ಮೇಲೆಳೆದುಕೊಂಡು ಅದೇ ರಾತ್ರಿ ಹೊರಟುಹೋದರು.

ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಅನ್ನುವುದು ನಮ್ಮ ಗಟ್ಟಿ ಬಂಡೆಯ ಮಟ್ಟಿಗೆ ಸುಳ್ಳು. ಇಲ್ಲಿ ನೀರಿರುವುದು ಬಿರುಕುಗಳಲ್ಲಿ, ಕೆಳಗೆ ಹೋದಂತೆ ಮೇಲಿನ ಭಾರಕ್ಕೆ ಬಿರುಕು ಕಡಿಮೆಯಾಗುತ್ತಾ ಹೋಗುತ್ತದೆ. ಕೋಲಾದಲ್ಲಿ ಸುಮಾರು 7 ಕಿಲೋಮೀಟರ್ ಕೆಳಗೂ ನೀರು ಸಿಕ್ಕಿತ್ತು ನಿಜ, ಆದರೆ ಅದು ಮಳೆ ನೀರಲ್ಲ, ಖನಿಜಗಳಿಂದಲೇ ಹೊರಬಂದು ಬಂಡೆಯಡಿ ಸಿಕ್ಕಿಕೊಂಡದ್ದು ಎನ್ನುತ್ತಾರೆ. ಭೂಕಂಪದ ಅಲೆ ನೋಡಿ ಆ ಆಳದಲ್ಲಿ ಬಸಾಲ್ಟ್ ಎಂಬ ಕಪ್ಪು ಬಂಡೆ ಶುರುವಾಗುತ್ತದೆ ಅಂತ ವಿಜ್ಞಾನಿಗಳು ಎಣಿಸಿದ್ದರು, ಸಿಕ್ಕಿದ್ದು ಬಿರುಕು ಬಿಟ್ಟ ಗ್ರಾನೈಟು. ತಳದಲ್ಲಿ 100 ಡಿಗ್ರಿ ಬಿಸಿ ಇರಬಹುದು ಅಂದುಕೊಂಡಿದ್ದರೆ 180 ಇತ್ತು. ಇದನ್ನು ಓದಿದ ಮೇಲೆ ತೆಂಗಿನಕಾಯಿಯವರನ್ನು ಬೈಯುವುದು ಸ್ವಲ್ಪ ಕಡಿಮೆ ಮಾಡಿದ್ದೇನೆ.

ಅಂದ ಹಾಗೆ, ಅಜ್ಜ ಗುಡ್ಡಕ್ಕೆ ಅಡ್ಡವಾಗಿ ತೋಡಿಸಿದ ಸುರಂಗದಲ್ಲಿ ಮೇ ತಿಂಗಳಲ್ಲೂ ಬೆರಳುಗಾತ್ರ ನೀರು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಆದರೆ ಈಗ ಪಿಕ್ಕಾಸು ಹಿಡಿದು ಒಳಗೆ ನುಗ್ಗುವವರು ಎಲ್ಲಿದ್ದಾರೆ?

ಬೋರು ಬೇಡ ಎನ್ನುವಷ್ಟು ನೀರು ನನ್ನಲ್ಲೂ ಇಲ್ಲ. ಆದರೆ ಪಾಳು ಬೋರನ್ನು ತಳದಿಂದ ಮೇಲಿನವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮುಚ್ಚಿದ ಫೋಟೋ ಪಂಚಾಯತಿಗೆ ಕೊಡದೆ ಲಾರಿ ಜಾಗ ಬಿಡುವ ಹಾಗಿಲ್ಲ ಅಂತ ಒಂದು ನಿಯಮ ಮಾಡಿದರೆ ಸಾಕು. ನಾವು ಕೃಷಿಕರೂ ಅಷ್ಟೇ, ಮುಚ್ಚುವವರೆಗೆ ಕೊನೆಯ ಕಂತಿನ ದುಡ್ಡು ಕೊಡಬಾರದು.

ನನ್ನದನ್ನು ಹೋದ ವಾರ ಮುಚ್ಚಿಸಿದೆ. ಮೂರು ಪಿಕಪ್ ಮಣ್ಣು, ಜಲ್ಲಿ ಬೇಕಾಯಿತು. ನಾಲ್ಕು ವರ್ಷ ಅದರ ಪಕ್ಕದಲ್ಲೇ ಮಕ್ಕಳು ಒಬ್ಬರನ್ನೊಬ್ಬರು ಹಾಳೆಯಲ್ಲಿ ಕೂರಿಸಿ ಎಳೆದು ಆಡುತ್ತಿದ್ದರು.

– ಒಬ್ಬ ಅಡಿಕೆ ಕೃಷಿಕ, ಪೆರ್ಲ, ಕಾಸರಗೋಡು