ವಿಲ್ಲೋ ಟ್ರಸ್ಟೋ: ಫ್ರೀಮಾಂಟ್‌ನಿಂದ ತಿಪಟೂರಿಗೆ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ಆಸ್ತಿ ಪತ್ರ ಮಾಡಿಸುತ್ತಿದ್ದೇವೆ ಅಂದ ಕೂಡಲೇ ಅಮ್ಮಾ, ನೀನು ಫೋನಿನಲ್ಲೇ ಅಳೋಕೆ ಶುರು ಮಾಡಿದೆ. ನಮಗೆ ಯಾವ ಕಾಯಿಲೆಯೂ ಇಲ್ಲಮ್ಮ. ಮನೆ, ಮಗು ಎರಡೂ ಇರುವವರು ಇಲ್ಲಿ ಈ ಕೆಲಸ ಮುಗಿಸಿಕೊಂಡರೆ ಒಳ್ಳೆಯದು, ಅಷ್ಟೇ.

ಅಪ್ಪ ಕೇಳಿದ ಹಾಗೆ, ಬರೀ ವಿಲ್ ಯಾಕೆ ಸಾಲದು? ಕ್ಯಾಲಿಫೋರ್ನಿಯಾದಲ್ಲಿ ವಿಲ್ ಇದ್ದರೂ ನಮ್ಮಂಥ ಮನೆ ಕೋರ್ಟ್ ಹತ್ತಿಯೇ ವಾರಸುದಾರರ ಕೈಗೆ ಬರಬೇಕು. ಅದೇ ಪ್ರೊಬೇಟ್. ಲಾಯರ್ ಫೀಸಿನ ಮಿತಿ ಕಾನೂನಿನಲ್ಲೇ ಇದೆ: ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಆಮೇಲಿನ 8 ಲಕ್ಷಕ್ಕೆ ಶೇ. 2. ಅಂದರೆ 10 ಲಕ್ಷದ ಮನೆಗೆ 23 ಸಾವಿರ ಡಾಲರ್! ವಿಲ್ ಜಾರಿ ಮಾಡುವವರೂ ಅಷ್ಟೇ ಕೇಳಬಹುದು. ಬ್ಯಾಂಕ್ ಸಾಲವನ್ನು ಕಳೆಯುವ ಹಾಗೂ ಇಲ್ಲ, ಮನೆಯ ಪೂರ್ತಿ ಬೆಲೆಗೇ ಲೆಕ್ಕ. ಹಗಲು ದರೋಡೆ ಅಲ್ವಾ?

ಟ್ರಸ್ಟ್ ಮಾಡಿದರೆ, ಅಂದರೆ ಆಸ್ತಿಯನ್ನು ಟ್ರಸ್ಟ್ ಹೆಸರಿಗೆ ಮಾಡಿ ನಮ್ಮ ನಂತರ ಯಾರಿಗೆ ಸೇರಬೇಕು ಅಂತ ಅದರಲ್ಲೇ ಬರೆದಿಟ್ಟರೆ, ಇದೆಲ್ಲ ತಪ್ಪುತ್ತದೆ. ಬದುಕಿರುವ ತನಕ ನಾವೇ ಟ್ರಸ್ಟಿಗಳು, ಅಂದರೆ ಅದನ್ನು ನೋಡಿಕೊಳ್ಳುವವರು, ಬೇಡ ಅನಿಸಿದರೆ ರದ್ದು ಮಾಡಬಹುದು. ಆದರೆ ಟ್ರಸ್ಟ್ ಪತ್ರವನ್ನು ಸುಮ್ನೆ ಬೀರುವಿನಲ್ಲಿಟ್ಟರೆ ಪ್ರಯೋಜನ ಇಲ್ಲ. ಮನೆಯನ್ನು ಟ್ರಸ್ಟ್ ಹೆಸರಿಗೆ ಬರೆದುಕೊಟ್ಟು, ನೋಟರಿ ಮುಂದೆ ಸಹಿ ಹಾಕಿ, ಕೌಂಟಿ (ಇಲ್ಲಿನ ಜಿಲ್ಲೆ) ಆಫೀಸಿನಲ್ಲಿ ದಾಖಲಿಸಬೇಕು. ಅದೂ ಆಯಿತು.

ಜೊತೆಗೆ ಚಿಕ್ಕದೊಂದು ವಿಲ್ಲೂ ಬರೆದೆವು, ಪುಟ್ಟಿಗೋಸ್ಕರ. ನಾವಿಬ್ಬರೂ ಇಲ್ಲವಾದರೆ ಅವಳನ್ನು ಯಾರು ಸಾಕಬೇಕು? ದುಡ್ಡಿನ ಲೆಕ್ಕ ಒಂದು ಸಂಜೆಗೆ ಮುಗಿದಿತ್ತು, ಈ ಒಂದು ಸಾಲಿಗೆ ಮಾತ್ರ ನಾವಿಬ್ಬರೂ ತುಂಬಾ ಜಗಳ ಆಡಿದೆವು. ಕೊನೆಗೆ ಅಕ್ಕನ ಹೆಸರು ಬರೆದೆವು. ಅವಳು ಮೈಸೂರಿನಿಂದ ಬರುವವರೆಗೆ ಪಕ್ಕದ ಬೀದಿಯ ಸ್ನೇಹಿತರು ನೋಡಿಕೊಳ್ಳುತ್ತಾರೆ. ಕೊನೆಯ ತೀರ್ಮಾನ ಕೋರ್ಟಿನದೇ, ಆದರೂ ನಮ್ಮ ಮಾತಿಗೆ ಬೆಲೆ ಇರುತ್ತದೆ. ದುಡ್ಡು ಪುಟ್ಟಿಯ ಕೈಗೆ ಸಿಗುವುದು 25ಕ್ಕೆ. 18ಕ್ಕೆ ನನ್ನ ಬುದ್ಧಿ ಹೇಗಿತ್ತು ಅಂತ ನೀವೇ ನೋಡಿದ್ದೀರಲ್ಲ.

ಅಪ್ಪಾ, ಇದನ್ನು ಓದಿ ನೀವೂ ಟ್ರಸ್ಟ್ ಮಾಡಿಸೋಕೆ ಹೊರಡಬೇಡಿ. ನಿಮಗೆ ವಿಲ್ಲೇ ಸಾಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮಾಡಿಸಿಬಿಡಿ. ನೀವು ಕಟ್ಟಿಸಿದ ಮನೆಯನ್ನು ಯಾರಿಗೆ ಬೇಕಾದರೂ ಬರೆಯಿರಿ. ಪಿತ್ರಾರ್ಜಿತ ತೋಟದಲ್ಲಿ ಮಾತ್ರ ನಿಮ್ಮ ಪಾಲನ್ನಷ್ಟೇ ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಅಲ್ಲಿ ಅಕ್ಕನಿಗೂ ನನ್ನಷ್ಟೇ ಹಕ್ಕಿದೆ. ದೊಡ್ಡಪ್ಪ ಏನೇ ಹೇಳಲಿ.

ಪುಟ್ಟಿಯ ವಿಷಯಕ್ಕೆ ಅಕ್ಕ ಒಪ್ಪಿದ್ದಾಳೆ. ಭಾವನ ಹತ್ತಿರ ಭಾನುವಾರ ನಾನೇ ಮಾತಾಡುತ್ತೇನೆ. ಅಲ್ಲಿಯವರೆಗೆ ಅಮ್ಮಾ, ದಯವಿಟ್ಟು ಬಾಯಿ ಬಿಡಬೇಡ.

ನಿಮ್ಮ ಮಗ